ಆ ಡ್ರಮ್ಮನ್ನು ಬದಲಿಸಬೇಕಾದವರು ಯಾರು? ಕಿರಿಯ ಸಿವಿಲ್ ಇಂಜಿನಿಯರುಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ಸಿವಿಲ್ ಇಂಜಿನಿಯರಿಂಗ್‌ನ ಕೊನೆಯ ವರ್ಷದಲ್ಲಿರುವವರು, ಪದವಿ ಮುಗಿಸಿ ಲೋಕೋಪಯೋಗಿ ಇಲಾಖೆಯ ಪರೀಕ್ಷೆಗೆ ಓದುತ್ತಿರುವವರು, ಯಾವುದೋ ಸೈಟಿನಲ್ಲಿ ಈಗಷ್ಟೇ ಹೆಲ್ಮೆಟ್ ಹಾಕಿಕೊಂಡು ನಿಂತವರು, ನಿಮ್ಮೆಲ್ಲರಿಗೂ ಸೇರಿಸಿ ಈ ಪತ್ರ ಬರೆಯುತ್ತಿದ್ದೇನೆ. ಸೆಪ್ಟೆಂಬರ್ 15ರಂದು ನಾವು ವಿಶ್ವೇಶ್ವರಯ್ಯನವರನ್ನು ನೆನೆದು ಇಂಜಿನಿಯರುಗಳ ದಿನ ಆಚರಿಸುತ್ತೇವೆ. ಮರುದಿನ 16ರಂದು ಪಪುವಾ ನ್ಯೂಗಿನಿ ದೇಶ ತನ್ನ ಸ್ವಾತಂತ್ರ್ಯದ ದಿನವನ್ನು ಆಚರಿಸುತ್ತದೆ. ಆ ದೇಶದಲ್ಲಿ ಕೆಲವು ವರ್ಷ ಪಾಠ ಹೇಳಿದವನು ನಾನು. ಹಾಗಾಗಿ ಈ ಎರಡು ದಿನಗಳು ನನ್ನ ಮನಸ್ಸಿನಲ್ಲಿ ಜೋಡಿಯಾಗಿಯೇ ಬರುತ್ತವೆ. ನಿಮ್ಮಲ್ಲಿ ಕೆಲವು ಕೋರಿಕೆಗಳಿವೆ. ಅವುಗಳಿಗೆ ಮೊದಲು, ಅಲ್ಲಿನ ಕಾಡಿನೊಳಗೆ ಮುಚ್ಚಿಹೋದ ಒಂದು ಏರ್‌ಸ್ಟ್ರಿಪ್ಪಿನ ಕತೆಯನ್ನು ನೀವು ಸಾವಧಾನವಾಗಿ ಕೇಳಬೇಕು.

ಪಪುವಾ ನ್ಯೂಗಿನಿ ಇರುವುದು ಆಸ್ಟ್ರೇಲಿಯಾದ ಉತ್ತರಕ್ಕೆ, ಜಗತ್ತಿನ ಎರಡನೆಯ ಅತಿದೊಡ್ಡ ದ್ವೀಪದ ಪೂರ್ವಾರ್ಧದಲ್ಲಿ. ಎಂಟುನೂರಕ್ಕೂ ಹೆಚ್ಚು ಭಾಷೆಗಳ ನಾಡು. ನಡುವೆ ನಾಲ್ಕು ಸಾವಿರ ಮೀಟರ್ ದಾಟುವ ಪರ್ವತಗಳು, ಅವುಗಳ ಕೆಳಗೆ ಸೂರ್ಯನ ಬೆಳಕು ನೆಲಕ್ಕೆ ಬೀಳದ ಮಳೆಕಾಡು. ರಾಜಧಾನಿ ಪೋರ್ಟ್ ಮೋರ್ಸ್‌ಬಿಯಿಂದ ಎರಡನೆಯ ದೊಡ್ಡ ನಗರ ಲೇಗೆ ಇವತ್ತಿಗೂ ರಸ್ತೆಯಲ್ಲಿ ಹೋಗಲಾಗುವುದಿಲ್ಲ. ಹಾರಬೇಕು, ಇಲ್ಲವೇ ಹಡಗು ಹತ್ತಬೇಕು. ನಮ್ಮಲ್ಲಿ ಎತ್ತಿನಗಾಡಿ, ಬಸ್ಸು, ರೈಲು ಆದಮೇಲೆ ವಿಮಾನ ಬಂತು. ಅಲ್ಲಿನ ಬೆಟ್ಟದ ಜನ ಗಾಲಿಯನ್ನು ಕಾಣುವುದಕ್ಕಿಂತ ಮೊದಲೇ ವಿಮಾನ ಕಂಡರು.

ಈ ಕತೆ ಶುರುವಾದದ್ದು ಚಿನ್ನದಿಂದ. ಲೇ ನಗರದ ಹಿಂದಿನ ಬೆಟ್ಟಸಾಲಿನ ಆಚೆ, ವಾವು ಮತ್ತು ಬುಲೋಲೊ ಕಣಿವೆಗಳಲ್ಲಿ 1920ರ ದಶಕದಲ್ಲಿ ಚಿನ್ನ ಸಿಕ್ಕಿತು. ಕರಾವಳಿಯಿಂದ ಅಲ್ಲಿಗೆ ಕಾಡುದಾರಿಯಲ್ಲಿ ಆಳುಗಳಿಂದ ಹೊರಿಸಿ ಸಾಮಾನು ಸಾಗಿಸಬೇಕಿತ್ತು. 1927ರಲ್ಲಿ ಗಿನಿ ಏರ್‌ವೇಸ್ ಎಂಬ ಕಂಪನಿ ಹುಟ್ಟಿತು. ನದಿಯ ಮರಳು ತೋಡುವ ದೈತ್ಯ ಡ್ರೆಜ್ಜರುಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, ಜರ್ಮನಿಯ ಯುಂಕರ್ಸ್ ವಿಮಾನಗಳಲ್ಲಿ ತುಂಬಿ ಬೆಟ್ಟ ದಾಟಿಸಿದರು. ಮೊದಲ ಡ್ರೆಜ್ಜರು 1932ರಲ್ಲಿ ಬುಲೋಲೊದಲ್ಲಿ ಕೆಲಸ ಆರಂಭಿಸಿತು. ವಿಮಾನದಲ್ಲಿ ಸರಕು ಸಾಗಿಸುವುದನ್ನು ಜಗತ್ತು ಕಲಿತದ್ದು ಬಹುಮಟ್ಟಿಗೆ ಇಲ್ಲಿಯೇ ಎಂದರೆ ತಪ್ಪಾಗದು. ಮರುವರ್ಷ, 1933ರಲ್ಲಿ, ಚಿನ್ನ ಹುಡುಕುತ್ತ ವಿಮಾನದಲ್ಲಿ ಹೊರಟ ಲೇಹಿ ಸಹೋದರರು ವಾಗಿ ಕಣಿವೆಯ ಮೇಲೆ ಹಾರಿದರು. ನಿರ್ಜನ ಪರ್ವತಗಳು ಎಂದು ಹೊರಗಿನವರು ತಿಳಿದಿದ್ದ ಒಳನಾಡಿನಲ್ಲಿ ಲಕ್ಷಾಂತರ ಜನರ ತೋಟಗಳು, ಮನೆಗಳು ಕಂಡವು. ಅಲ್ಲಿ ವಿಮಾನ ಇಳಿಸಲು ಜಾಗ ಬೇಕಿತ್ತು. ರೋಲರ್ ತರುವ ಮಾತೇ ಇಲ್ಲ. ಊರಿನವರೆಲ್ಲ ಸಾಲುಸಾಲಾಗಿ ಕೈ ಹಿಡಿದು, ಹಾಡುತ್ತ, ಕುಣಿಯುತ್ತ, ತಮ್ಮ ಪಾದಗಳಿಂದಲೇ ಮಣ್ಣು ತುಳಿದು ಗಟ್ಟಿಮಾಡಿದರು. ಆ ದೃಶ್ಯಗಳನ್ನು ಲೇಹಿ ಸಹೋದರರು ಕ್ಯಾಮೆರಾದಲ್ಲಿ ಹಿಡಿದಿದ್ದರು. ‘ಫಸ್ಟ್ ಕಾಂಟ್ಯಾಕ್ಟ್’ ಎಂಬ 1983ರ ಸಾಕ್ಷ್ಯಚಿತ್ರದಲ್ಲಿ ಇಂದಿಗೂ ನೋಡಬಹುದು. ಸಾಯಿಲ್ ಕಂಪ್ಯಾಕ್ಷನ್ ಪಾಠ ಓದುವಾಗ ಅದನ್ನೊಮ್ಮೆ ನೋಡಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ, ನಿಮಗೂ ಹೇಳುತ್ತೇನೆ.

ಆಮೇಲಿನ ನಲವತ್ತು ವರ್ಷಗಳಲ್ಲಿ ಇಂಥ ನೂರಾರು ಏರ್‌ಸ್ಟ್ರಿಪ್ಪುಗಳು ಹುಟ್ಟಿದವು. ಆಸ್ಟ್ರೇಲಿಯಾ ಆಡಳಿತದ ಗಸ್ತು ಅಧಿಕಾರಿಗಳು, ಮಿಶನರಿಗಳು ಜಾಗ ಗುರುತಿಸುತ್ತಿದ್ದರು. ಸಲಿಕೆ, ಗುದ್ದಲಿ, ಚೂಪು ಕೋಲು ಹಿಡಿದು ಅಗೆಯುತ್ತಿದ್ದವರು ಊರಿನವರು. ಇವು ನಾವು ಪುಸ್ತಕದಲ್ಲಿ ಓದುವ ರನ್‌ವೇಗಳಂತಿಲ್ಲ. ನಾಲ್ಕೈದು ನೂರು ಮೀಟರ್ ಉದ್ದದ ಹುಲ್ಲಿನ ಪಟ್ಟಿ, ಒಂದು ತುದಿಗೆ ಕಂದರ, ಇನ್ನೊಂದು ತುದಿಗೆ ಗುಡ್ಡ. ಅನೇಕ ಕಡೆ ನೂರು ಅಡಿ ಸಾಗುವಷ್ಟರಲ್ಲಿ ಹತ್ತು ಹನ್ನೆರಡು ಅಡಿ ಏರುವ ಇಳಿಜಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ನಮ್ಮ ಘಾಟಿ ರಸ್ತೆಗೂ ಒಪ್ಪದಷ್ಟು ಕಡಿದು. ಗಾಳಿ ಯಾವ ಕಡೆಯಿಂದ ಬೀಸಲಿ, ಇಳಿಯುವುದು ಏರುದಿಕ್ಕಿಗೆ, ಹಾರುವುದು ಇಳಿದಿಕ್ಕಿಗೆ. ಇಳಿಯುವಾಗ ಏರು ವಿಮಾನವನ್ನು ತಡೆದು ನಿಲ್ಲಿಸುತ್ತದೆ, ಹೊರಡುವಾಗ ಇಳಿಜಾರು ವೇಗ ಕೊಡುತ್ತದೆ. ಒಂದು ಮಿತಿ ದಾಟಿ ಕೆಳಗೆ ಬಂದ ಪೈಲಟ್‌ಗೆ ಮತ್ತೆ ಮೇಲೇರಲು ಅವಕಾಶವಿಲ್ಲ, ಎದುರಿಗೆ ಗುಡ್ಡವಿರುತ್ತದೆ. ಹೀಗಾಗಿ ನೆಲ ಗಟ್ಟಿಯಾಗಿದೆಯೇ, ಹುಲ್ಲು ಎಷ್ಟುದ್ದ ಬೆಳೆದಿದೆ, ಬಿಳಿ ಗುರುತುಗಳು ಜಾಗದಲ್ಲಿವೆಯೇ ಎಂಬುದರ ಮೇಲೆ ಅವನ ಪ್ರಾಣವೂ ಹಿಂದೆ ಕುಳಿತ ಐದಾರು ಜನರ ಪ್ರಾಣವೂ ನಿಂತಿರುತ್ತದೆ.

ಆ ದೇಶದಲ್ಲಿದ್ದಾಗ ಒಮ್ಮೆ, ಅಲ್ಲಿನ ಮೊರೋಬೆ ಪ್ರಾಂತ್ಯದ ಒಳಗಿನ ಒಂದು ಊರಿಗೆ ನಾನು, ಒಬ್ಬ ಸರ್ವೇಯರ್, ಇಬ್ಬರು ವಿದ್ಯಾರ್ಥಿಗಳು ನಡೆದು ಹೋದೆವು. ಒಂದು ಕಾಲಕ್ಕೆ ಅಲ್ಲಿ ವಿಮಾನ ಇಳಿಯುತ್ತಿತ್ತು. ಮತ್ತೆ ಇಳಿಯಲು ಸಾಧ್ಯವೇ ಎಂದು ನೋಡಿ ವರದಿ ಬರೆಯುವುದು ನಮ್ಮ ಕೆಲಸ. ಏರ್‌ಸ್ಟ್ರಿಪ್ ಎಲ್ಲಿ ಎಂದು ಕೇಳಿದೆವು. ನೀವು ನಿಂತಿರುವುದು ಅದರ ಮೇಲೆಯೇ ಅಂದರು. ಸುತ್ತ ಕಾಡೇ ಕಾಣುತ್ತಿತ್ತು. ಆಮೇಲೆ ಊರಿನ ಹಿರಿಯರೊಬ್ಬರು ತೋರಿಸಿಕೊಟ್ಟರು: ಎರಡೂ ಬದಿಯ ಮರಗಳು ಬಗೆಬಗೆಯ ವಯಸ್ಸಿನವು, ದಪ್ಪ ಬೇರಿನವು, ಬಳ್ಳಿ ಸುತ್ತಿದವು. ನಡುವಿನ ಅಗಲವಾದ ಪಟ್ಟಿಯಲ್ಲಿ ಮಾತ್ರ ಎಲ್ಲ ಮರಗಳೂ ಒಂದೇ ಎತ್ತರ, ಒಂದೇ ದಪ್ಪ. ಒಂದೇ ಕಾಲಕ್ಕೆ ಮೊಳೆತವು ಅವು. ವಿಮಾನ ನಿಂತು, ಹುಲ್ಲು ಕತ್ತರಿಸುವುದೂ ನಿಂತ ಮೇಲೆ.

ಆ ಹಿರಿಯರು ಹುಡುಗನಾಗಿದ್ದಾಗ ಆ ನೆಲವನ್ನು ತುಳಿದವರಲ್ಲಿ ಒಬ್ಬರು. ಕಾಲಿನ ಬೆರಳು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ ಹೇಗೆ ಕುಣಿದೆವು ಎಂದು ತೋರಿಸಿದರು. ನಮ್ಮ ವಿದ್ಯಾರ್ಥಿಗಳು ಕತ್ತಿಯಿಂದ ದಾರಿ ಬಿಡಿಸುತ್ತ ಮೇಲ್ತುದಿಗೆ ಹೋದರು. ನಾನು ನೀರಿನ ದಾರಿ ಹಿಡಿದು ಹೊರಟೆ. ನಮ್ಮ ಮಲೆನಾಡಿನ ಅಡಿಕೆ ತೋಟದಂತೆಯೇ ಈ ಏರ್‌ಸ್ಟ್ರಿಪ್ಪುಗಳೂ ಬದುಕುವುದು ಬಸಿಗಾಲುವೆಯಿಂದ. ಆಗುಂಬೆಯಲ್ಲಾದರೆ ಮಳೆಗೊಂದು ಕಾಲವುಂಟು, ಅಲ್ಲಿನ ಎಷ್ಟೋ ಕಡೆ ವರ್ಷದ ಎಲ್ಲ ತಿಂಗಳೂ ಮಳೆಯೇ. ಗುಡ್ಡದಿಂದ ಇಳಿಯುವ ನೀರು ರನ್‌ವೇ ಮುಟ್ಟದಂತೆ ಮೇಲ್ತುದಿಯಲ್ಲಿ ಅಡ್ಡಲಾಗಿ ಒಂದು ಕಾಲುವೆ ಇರಬೇಕು. ಬಿದ್ದ ಮಳೆ ಎರಡೂ ಬದಿಗೆ ಹರಿದುಹೋಗುವಂತೆ ನಡು ಎತ್ತರವಿರಬೇಕು. ಬದಿಯ ಚರಂಡಿಗಳು ಕಂದರದ ತನಕ ತೆರೆದಿರಬೇಕು. ಆ ಊರಿನಲ್ಲಿ ಇವೆಲ್ಲವನ್ನೂ ಚೆನ್ನಾಗಿಯೇ ಮಾಡಿದ್ದರು. ಕಾಲುದಾರಿಯೊಂದು ಮೇಲಿನ ಕಾಲುವೆಯನ್ನು ದಾಟುವಲ್ಲಿ ಮಾತ್ರ, ವಿಮಾನದ ಇಂಧನ ಬರುತ್ತಿದ್ದ ಕಬ್ಬಿಣದ ಡ್ರಮ್ಮುಗಳ ಎರಡೂ ಮುಚ್ಚಳ ಕತ್ತರಿಸಿ, ಸಾಲಾಗಿ ಹೂತು ಮೋರಿ ಮಾಡಿದ್ದರು. ಅಂಥ ಊರಿನಲ್ಲಿ ಸಿಗುವ ವಸ್ತುವಿನಿಂದ ಮಾಡಿದ ಒಳ್ಳೆಯ ಕೆಲಸ. ಕಬ್ಬಿಣ ತುಕ್ಕು ಹಿಡಿಯಿತು. ನಡುವಿನ ಒಂದು ಡ್ರಮ್ಮು ಕುಸಿಯಿತು. ಕಟ್ಟಿಕೊಂಡ ನೀರು ಕಾಲುವೆಯ ದಂಡೆ ಒಡೆದು ರನ್‌ವೇಯ ಮೇಲೆ ಹರಿಯಿತು. ಅದು ಕೊರೆದ ಕೊರಕಲು ಈಗ ಆಳೆತ್ತರ ಇದೆ.

ಅಲ್ಲಿ ಯಾವ ವಿಮಾನವೂ ಬೀಳಲಿಲ್ಲ, ಭೂಕಂಪವಾಗಲಿಲ್ಲ. ಮೊದಲು ಒಂದು ಜಾಗ ಮೆತ್ತಗಾಯಿತು. ಪೈಲಟ್ ವರದಿ ಬರೆದರು. ವಿಮಾನ ಕಂಪನಿ ಆ ಊರನ್ನು ತನ್ನ ಪಟ್ಟಿಯಿಂದ ತೆಗೆಯಿತು. ವಿಮಾನ ಬಾರದ ಮೇಲೆ ಕಾಫಿ ಹೊರಗೆ ಹೋಗಲಿಲ್ಲ. ಬೆಟ್ಟದ ಜನಕ್ಕೆ ನಗದು ಬರುವ ದಾರಿ ಅದೊಂದೇ. ನಗದಿಲ್ಲದೆ ಹುಲ್ಲು ಕತ್ತರಿಸುವವರಿಗೆ ಕೂಲಿ ಇಲ್ಲ. ಬೇಲಿ ಬಿದ್ದು ಹಂದಿಗಳು ಒಳಗೆ ಬಂದು ನೆಲ ಅಗೆದವು. ಕುನಾಯಿ ಎಂಬ ಹುಲ್ಲು ಎದೆಮಟ್ಟ ಬೆಳೆಯಿತು, ಹುಲ್ಲಿನ ನಂತರ ಪೊದೆ, ಪೊದೆಯ ನಂತರ ಮರ. ಪ್ರತಿಯೊಂದಕ್ಕೂ ಹಿಂದಿನದೇ ಕಾರಣ, ಎಲ್ಲಕ್ಕೂ ಮೊದಲಿನದು ಆ ಡ್ರಮ್ಮು.

ಅದನ್ನು ಬದಲಿಸಬೇಕಾದವರು ಯಾರು ಎಂದು ನಾನು ಕೇಳಿದೆ. ಒಬ್ಬರು ಮಿಶನ್ನು ಅಂದರು. ಇನ್ನೊಬ್ಬರು ಸರ್ಕಾರ ಅಂದರು. ಸ್ವಾತಂತ್ರ್ಯ ಬಂದಮೇಲೆ ಇಂಥ ಹೊಣೆ ಕೇಂದ್ರದಿಂದ ಪ್ರಾಂತ್ಯಕ್ಕೆ, ಪ್ರಾಂತ್ಯದಿಂದ ಜಿಲ್ಲೆಗೆ ದಾಟುತ್ತ ಹೋಗಿತ್ತು. ಹೊಣೆಯ ಜೊತೆಗೆ ಹಣವಾಗಲಿ, ನಕ್ಷೆಯಾಗಲಿ ದಾಟಿರಲಿಲ್ಲ. ಊರಿನವರು ತಮ್ಮ ಪಾಲಿಗೆ ಹುಲ್ಲು ಕತ್ತರಿಸುತ್ತಲೇ ಇದ್ದರು, ವಿಮಾನ ನಿಂತಮೇಲೂ ಬಹಳ ಕಾಲ ಕೂಲಿಯಿಲ್ಲದೆಯೇ ಕತ್ತರಿಸಿದರು. ನೆಲದ ಕೆಳಗೆ ಹೂತಿದ್ದ ಡ್ರಮ್ಮಿಗೆ ಆಯಸ್ಸು ಇಷ್ಟೇ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಟ್ಟಿದವರಿಗೆ ಗೊತ್ತಿತ್ತು. ಅವರು ಯಾವ ಕಾಗದದಲ್ಲೂ ಬರೆದಿಟ್ಟಿರಲಿಲ್ಲ.

ಆ ಊರಿಗೆ ಇದರ ಬೆಲೆ ಏನೆಂದು ನಿಮಗೆ ಹೇಳಲೇಬೇಕು. ಹೆರಿಗೆ ಕಷ್ಟವಾದ ಹೆಂಗಸನ್ನು ಬಿದಿರಿನ ಡೋಲಿಯಲ್ಲಿ ಮಲಗಿಸಿ, ಹೊಳೆಗಳನ್ನು ದಾಟಿಸಿ, ಎರಡು ಹಗಲು ಹೊತ್ತು ರಸ್ತೆಗೆ ತರುತ್ತಾರೆ. ಎಲ್ಲರೂ ರಸ್ತೆ ಮುಟ್ಟುವುದಿಲ್ಲ. ಆರೋಗ್ಯ ಕೇಂದ್ರದ ಕಟ್ಟಡ ಇತ್ತು, ಬಾಗಿಲಿಗೆ ಬೀಗವಿತ್ತು. ತಂಪಿನಲ್ಲಿಟ್ಟು ತರಬೇಕಾದ ಲಸಿಕೆ ಆ ದಾರಿಯಲ್ಲಿ ಉಳಿಯುವುದಿಲ್ಲ. ಸಂಬಳ ತರಲು ಪೇಟೆಗೆ ಇಳಿದ ಮೇಷ್ಟ್ರು ಹಿಂದಿರುಗಲಿಲ್ಲ, ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಮನೆಗಳ ಅಟ್ಟದಲ್ಲಿ ಪಾರ್ಚ್‌ಮೆಂಟ್ ಕಾಫಿಯ ಚೀಲಗಳಿದ್ದವು. ನಿಮ್ಮಲ್ಲಿ ಚಿಕ್ಕಮಗಳೂರು, ಕೊಡಗು, ಸಕಲೇಶಪುರದವರಿದ್ದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ: ಕೊಯ್ದು, ಸಿಪ್ಪೆ ಬಿಡಿಸಿ, ತೊಳೆದು, ಒಣಗಿಸಿದ ಬೆಳೆ ಮನೆಯಲ್ಲೇ ಮುಗ್ಗಲು ಹಿಡಿಯುವುದನ್ನು ನೋಡುತ್ತ ಕೂರುವುದು ಏನೆಂದು ಅವರು ಹೇಳುತ್ತಾರೆ.

ಹೊರಡುವಾಗ ಆ ಹಿರಿಯರು ಕೇಳಿದರು, “ಮಗನೇ, ನೀವು ಮತ್ತೆ ಬರುತ್ತೀರೋ, ಬರೆದುಕೊಂಡು ಹೋಗಲು ಬಂದವರೋ?”

ಅವರಂಥವರಿಗೆ ಉತ್ತರ ಕೊಡುವ ಕೆಲಸ ಅಲ್ಲಿ ನಡೆಯುತ್ತಿಲ್ಲ ಎಂದಲ್ಲ. 1951ರಿಂದ ಆ ದೇಶದಲ್ಲಿ ಹಾರುತ್ತಿರುವ ಮಿಶನ್ ಏವಿಯೇಶನ್ ಫೆಲೋಶಿಪ್ಪಿನ ಬೆಂಬಲದಿಂದ ರೂರಲ್ ಏರ್‌ಸ್ಟ್ರಿಪ್ ಏಜೆನ್ಸಿ ಎಂಬ ಸಂಸ್ಥೆ ಮುಚ್ಚಿದ ಏರ್‌ಸ್ಟ್ರಿಪ್ಪುಗಳನ್ನು ತೆರೆಯುವ, ತೆರೆದಿರುವುದನ್ನು ಉಳಿಸುವ ಕೆಲಸ ಮಾಡುತ್ತಿದೆ. ಅವರು ಊರಿನವರ ಜೊತೆ ಒಪ್ಪಂದ ಮಾಡಿಕೊಂಡು ಹುಲ್ಲು ಕತ್ತರಿಸುವ ಯಂತ್ರ ಕೊಡುತ್ತಾರೆ, ನಡೆಸಲು ಕಲಿಸುತ್ತಾರೆ, ಚರಂಡಿ ತೆರೆದಿಡುವ ಕೆಲಸಕ್ಕೆ ಹಣ ಕೊಡುತ್ತಾರೆ, ನೆಲದ ಗಟ್ಟಿತನವನ್ನು ಅಳೆಯುತ್ತಾರೆ. ಒಬ್ಬ ಕಿರಿಯ ಇಂಜಿನಿಯರ್ ನಾಲ್ಕು ಡ್ರಮ್ಮಿನ ಲೆಕ್ಕ ಬರೆದು ಒಂದು ಕಣಿವೆಯ ಜನರ ಬದುಕನ್ನು ತಿರುಗಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಕೆಲಸಕ್ಕೆ ಉದ್ಘಾಟನೆಯ ಕಲ್ಲು ಇರುವುದಿಲ್ಲ. ಕಾಲೇಜಿನಲ್ಲಿ ಅದಕ್ಕೆ ಬಹುಮಾನವೂ ಇಲ್ಲ. ನನ್ನ ನೋವು ಇರುವುದು ಇಲ್ಲಿಯೇ.

ಇದು ದೂರದ ದೇಶದ ಮಾತು ಎಂದು ಬದಿಗಿಡಬೇಡಿ. ನಮ್ಮದೇ ಅರುಣಾಚಲ ಪ್ರದೇಶದ ಚಾಂಗ್ಲಾಂಗ್ ಜಿಲ್ಲೆಯಲ್ಲಿ, ಮ್ಯಾನ್ಮಾರ್ ಗಡಿಯ ಮೂಲೆಯಲ್ಲಿ, ನಾಮ್‌ದಾಫಾ ಮಳೆಕಾಡಿನ ಆಚೆ ವಿಜಯನಗರ ಎಂಬ ಊರಿದೆ. ಹಂಪಿಯ ವಿಜಯನಗರಕ್ಕೂ ಅದಕ್ಕೂ ಹೆಸರಿನ ನೆಂಟಸ್ತಿಕೆ ಬಿಟ್ಟರೆ ಬೇರೇನಿಲ್ಲ. ಮಿಯಾವ್ ಪಟ್ಟಣದಿಂದ 157 ಕಿಲೋಮೀಟರ್ ಕಾಡುದಾರಿ. ಅಲ್ಲಿನ ಏರ್‌ಸ್ಟ್ರಿಪ್ ಕೆಟ್ಟು ವರ್ಷಗಟ್ಟಲೆ ಮುಚ್ಚಿತ್ತು. 2019ರ ಸೆಪ್ಟೆಂಬರಿನಲ್ಲಿ ವಾಯುಪಡೆಯ ವಿಮಾನ ಮತ್ತೆ ಇಳಿಯುವ ತನಕ ಅಲ್ಲಿನ ಲಿಸು ಜನರಿಗೆ, ನಿವೃತ್ತ ಸೈನಿಕರ ಕುಟುಂಬಗಳಿಗೆ ಉಳಿದಿದ್ದದ್ದು ಅಪರೂಪಕ್ಕೆ ಬರುವ ಹೆಲಿಕಾಪ್ಟರು ಮತ್ತು ತಮ್ಮ ಕಾಲುಗಳು.

ಮತ್ತೊಂದು ಕಡೆ ನೋಡಿ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಎಎಲ್, ಕಾನ್ಪುರದಲ್ಲಿ ತಯಾರಿಸಿದ ಎರಡು ಡಾರ್ನಿಯರ್-228 ವಿಮಾನಗಳನ್ನು 2024ರಲ್ಲಿ ದಕ್ಷಿಣ ಅಮೆರಿಕದ ಗಯಾನಾ ದೇಶಕ್ಕೆ ಕಳಿಸಿತು. ಗಯಾನಾದ ಒಳನಾಡೂ ಮಳೆಕಾಡೇ, ಅಲ್ಲಿಯೂ ಜನ ಇಂಥ ಏರ್‌ಸ್ಟ್ರಿಪ್ಪುಗಳನ್ನೇ ನಂಬಿದ್ದಾರೆ. ಚಿಕ್ಕ ಜಾಗದಲ್ಲಿ ಇಳಿಯುವ ವಿಮಾನ ಮಾಡಲು ನಮ್ಮ ನಾಡಿಗೆ ಗೊತ್ತು. ಆ ಚಿಕ್ಕ ಜಾಗವನ್ನು ಮಳೆಯಿಂದ ಉಳಿಸಿಕೊಳ್ಳುವ ವಿದ್ಯೆಯಲ್ಲೂ ನಮ್ಮ ಮಕ್ಕಳು ಹೆಸರು ಮಾಡಬೇಕು ಎಂಬುದು ನನ್ನ ಆಸೆ.

ಆ ವಿದ್ಯೆ ನಮಗೆ ಹೊಸದೂ ಅಲ್ಲ. ಕರ್ನಾಟಕದ ಕೆರೆ ಶಾಸನಗಳನ್ನು ಓದಿ. ಕೆರೆ ಕಟ್ಟಿಸಿದ್ದನ್ನು ಹೇಳಿ ಅವು ಸುಮ್ಮನಾಗುವುದಿಲ್ಲ. ಬಿತ್ತುವಟ್ಟ, ಕೆರೆಗೊಡಗೆ, ದಶವಂದ ಎಂದು ಅದರ ಮುಂದಿನ ಕಾಲಕ್ಕೆ ಭೂಮಿ ಬಿಡುತ್ತವೆ, ಹೂಳು ಹೊರುವ ಬಂಡಿಗೂ ದತ್ತಿ ಇಡುತ್ತವೆ. ಏರಿ, ತೂಬು, ಕೋಡಿ ಎಂದರೆ ಏನೆಂದು ಗೊತ್ತಿದ್ದವರಿಗೆ, ಅವು ಒಂದು ದಿನ ಕೆಡುತ್ತವೆ ಎಂಬುದೂ ಗೊತ್ತಿತ್ತು. ಕೆಟ್ಟಾಗ ಯಾರು ಬರಬೇಕು, ಅವರ ಊಟಕ್ಕೆ ಏನು ಎಂಬುದನ್ನು ಕಲ್ಲಿನಲ್ಲೇ ಕೆತ್ತಿಟ್ಟರು. ಮೊರೋಬೆಯ ಆ ಊರಿನಲ್ಲಿ ಇಲ್ಲದೇ ಹೋದದ್ದು ಅಷ್ಟೇ.

ಇನ್ನು ನನ್ನ ಕೋರಿಕೆಗಳು. ನೀವು ಮುಂದೆ ಎಷ್ಟೋ ಅಂದಾಜುಪಟ್ಟಿಗಳನ್ನು ಬರೆಯುತ್ತೀರಿ. ಕಾಲುಸಂಕವೇ ಇರಲಿ, ಮೋರಿಯೇ ಇರಲಿ, ಯಾವ ಭಾಗ ಮೊದಲು ಸೋಲುತ್ತದೆ, ಎಷ್ಟು ವರ್ಷಕ್ಕೆ ಸೋಲುತ್ತದೆ, ಬದಲಿಸಲು ಎಷ್ಟು ಖರ್ಚು, ಬದಲಿಸುವವರು ಯಾರು ಎಂಬ ಒಂದು ಪುಟವನ್ನು ದಯವಿಟ್ಟು ಅದಕ್ಕೆ ಸೇರಿಸಿ. ಯಾರೂ ಕೇಳದಿದ್ದರೂ ಸೇರಿಸಿ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಿಸಬೇಕೆಂಬ ಷರತ್ತು ಇದೆ, ಒಳ್ಳೆಯ ಷರತ್ತು. ಆರನೆಯ ವರ್ಷಕ್ಕೆ ಏನು ಎಂದು ಕೇಳುವವರು ನೀವಾಗಿ. ಅದೇ ಪುಟವನ್ನು ಸರಳ ಕನ್ನಡದಲ್ಲಿ, ಚಿತ್ರ ಬರೆದು, ಊರಿನ ಪಂಚಾಯಿತಿ ಗೋಡೆಗೆ ಅಂಟಿಸಿ. ಬೆಂಗಳೂರಿನ ಕಪಾಟಿನಲ್ಲಿರುವ ಇಂಗ್ಲಿಷ್ ನಕ್ಷೆ, ಗುದ್ದಲಿ ಹಿಡಿದು ನಿಂತವನಿಗೆ ಉಪಯೋಗಕ್ಕೆ ಬರುವುದಿಲ್ಲ.

ಕಟ್ಟಿ ಮುಗಿಸಿದ ಮೇಲಿನ ಮೊದಲ ಮಳೆಗಾಲದಲ್ಲಿ, ಬಿಲ್ಲು ಪಾಸಾಗಿದ್ದರೂ, ಒಮ್ಮೆ ಕೊಡೆ ಹಿಡಿದು ಹೋಗಿ ನೀರು ಎಲ್ಲಿ ಹರಿಯುತ್ತಿದೆ ನೋಡಿ. ನಿರ್ವಹಣೆಯ ಹುದ್ದೆಗೆ ಹಾಕಿದರೆ ಅದನ್ನು ಶಿಕ್ಷೆ ಎಂದು ತಿಳಿಯಬೇಡಿ. ಹಾಗೆಂದು ಹೇಳುವ ಹಿರಿಯರು ಸಿಗುತ್ತಾರೆ, ಅವರಿಗೆ ಗೌರವದಿಂದ ಕೈಮುಗಿದು ಆ ಕೆಲಸಕ್ಕೆ ಹೋಗಿ. ನಿಮ್ಮಲ್ಲಿ ಕೆಲವರಾದರೂ ಪಪುವಾ ನ್ಯೂಗಿನಿಗೋ ಗಯಾನಾಕ್ಕೋ ಹೋಗುತ್ತೀರಿ. ಹೋದಾಗ ರಾಜಧಾನಿಯ ಕಚೇರಿಯಲ್ಲೇ ಉಳಿಯಬೇಡಿ. ಚಿಕ್ಕ ವಿಮಾನ ಹತ್ತಿ ಒಳಗೆ ಹೋಗಿ. ಮಧ್ಯಾಹ್ನಕ್ಕೆ ಮೋಡ ಕಟ್ಟುತ್ತದೆ, ಬೆಳಿಗ್ಗೆಯೇ ಹೊರಡಿ.

ಕಾಲೇಜುಗಳಲ್ಲಿರುವ ನನ್ನ ಸಹೋದ್ಯೋಗಿಗಳಿಗೂ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಎಂದೂ ಕಟ್ಟಲಾಗದ ಗಗನಚುಂಬಿಯ ವಿನ್ಯಾಸ ಕೊಡುವ ಬದಲು, ಹತ್ತಿರದ ಒಂದು ಕೆಟ್ಟ ತೂಬನ್ನು, ಒಂದು ಕುಸಿದ ಕಾಲುಸಂಕವನ್ನು ಕೊಡಿ. ಅದು ಯಾಕೆ ಕೆಟ್ಟಿತು ಎಂದು ಮಕ್ಕಳು ಮೂಲದ ತನಕ ಹೋಗಿ ಹುಡುಕಲಿ. ಡ್ರಮ್ಮು ಸಿಗುವ ತನಕ.

ಈ ಸೆಪ್ಟೆಂಬರ್ 15ರಂದು ಕಾರ್ಯಕ್ರಮ ಮುಗಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಊರಿನ ಕೆರೆಗೆ ಇನ್ನೂ ನೀರುಗಂಟಿ ಇದ್ದರೆ ಅವರನ್ನು ಹುಡುಕಿ, ಜೊತೆಗೆ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಎಲ್ಲಿ ಜಿನುಗುತ್ತದೆ, ಯಾವ ಕಲ್ಲು ಸಡಿಲವಾಗಿದೆ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದುಕೊಳ್ಳಿ. ಒಂದು ಪ್ರತಿ ಗ್ರಾಮ ಪಂಚಾಯಿತಿಗೆ, ಒಂದು ಪ್ರತಿ ಸಣ್ಣ ನೀರಾವರಿ ಇಲಾಖೆಯ ಹತ್ತಿರದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಮಳೆ ನಿಂತು ಕೆಲಸ ಶುರುಮಾಡಬಹುದಾದ ಹೊತ್ತಿಗೆ, ಅಂದರೆ ಡಿಸೆಂಬರಿನಲ್ಲಿ, ಆ ಕಾಗದ ಎಲ್ಲಿಗೆ ಬಂತು ಎಂದು ವಿಚಾರಿಸಲು ಮತ್ತೊಮ್ಮೆ ಹೋಗಿ.

ನಿಮ್ಮ ಮೇಲೆ ಅಪಾರ ನಂಬಿಕೆಯಿಟ್ಟಿರುವ,

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸಿವಿಲ್ ಇಂಜಿನಿಯರಿಂಗ್ ಅಧ್ಯಾಪಕ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ